ಸುಕ್ಕಾದ ಆರ್ಕಿಡ್ ಸಸಿ: ನೀರು ಸಾಲದೋ, ಹೆಚ್ಚಾಯಿತೋ?

ಪ್ರಶ್ನೆ: ಫ್ಲಾಸ್ಕ್‌ನಿಂದ (ಲ್ಯಾಬ್‌ನಲ್ಲಿ ಸಸಿ ಬೆಳೆಸುವ ಬಾಟಲಿ) ತೆಗೆದು ಎರಡು ತಿಂಗಳಾದ ಫೆಲನಾಪ್ಸಿಸ್ ಆರ್ಕಿಡ್ ಸಸಿ ಸರ್. ಇರೋದೇ ಮೂರು ಎಲೆ. ಎಲ್ಲವೂ ಸುಕ್ಕುಗಟ್ಟಿ ಜೋತುಬಿದ್ದಿವೆ, ಕೆಳಗಿನದು ಹಳದಿ. ಮಾಸ್‌ನಲ್ಲಿ (ಒಣಗಿಸಿದ ಪಾಚಿ) ನೆಟ್ಟು ದಿನಾ ನೀರು ಹಾಕುತ್ತಿದ್ದೇನೆ. ಗೊಬ್ಬರ ಕೊಡಲೇ?

ಉತ್ತರ: ಈಗ ಗೊಬ್ಬರ ಬೇಡವೇ ಬೇಡ. ದಿನಾ ನೀರುಂಡೂ ಎಲೆ ಸುಕ್ಕಾಗಿದೆ ಅಂದರೆ ಕುಡಿಯುವ ಬೇರು ಕೊಳೆತಿರಬೇಕು. ಸಸಿ ಹೊರತೆಗೆದು ಹಳೆ ಮಾಸ್ ಪೂರ್ತಿ ಬಿಡಿಸಿ, ಒಂದೊಂದೇ ಬೇರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಕಂದು ಬಣ್ಣವಿದ್ದರೂ ಗಟ್ಟಿಯಿದ್ದರೆ ಬಿಡಿ, ಅದು ಮಾಸ್‌ನ ಕಲೆ. ನೀರು ಜಿನುಗಿ, ಸಿಪ್ಪೆ ಜಾರಿ, ದಾರದಂಥ ಎಳೆ ಮಾತ್ರ ಉಳಿದರೆ ಸತ್ತಿದೆ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡ್‌ನಿಂದ ಕತ್ತರಿಸಿ. ಹಳದಿ ಎಲೆ ತಾನಾಗಿ ಉದುರಲಿ, ಕೀಳಬೇಡಿ.

ಗಾಯ ಒಣಗಲು ಒಂದೆರಡು ಗಂಟೆ ನೆರಳಲ್ಲಿಡಿ. ಹೊಸ ಮಾಸ್ ನೆನೆಸಿ, ಹನಿ ಬೀಳದಷ್ಟು ಹಿಂಡಿ, ಬೇರಿನ ಸುತ್ತ ಸಡಿಲವಾಗಿ ಸುತ್ತಿ. ಅಡಕಿ ತುಂಬಿದರೆ ಗಾಳಿ ಸುಳಿಯದೆ ಮತ್ತೆ ಅದೇ ಕಥೆ. 5 ಸೆಂ.ಮೀ. ಅಗಲದ, ತಳ ಮತ್ತು ಪಕ್ಕದಲ್ಲಿ ತೂತಿರುವ ಪಾರದರ್ಶಕ ಕಪ್ ಸಾಕು. ಎಲೆಯ ಬುಡ ಮಾಸ್‌ನಿಂದ ಮೇಲಿರಲಿ. ಕಪ್ಪನ್ನು ಪಾರದರ್ಶಕ ಡಬ್ಬಿಯೊಳಗಿಟ್ಟು ದಿನಾ ಹತ್ತು ನಿಮಿಷ ಮುಚ್ಚಳ ತೆಗೆಯಿರಿ. ತೇವಾಂಶ 70-80 ಶೇಕಡಾ, ಉಷ್ಣತೆ 22-28 ಡಿಗ್ರಿ ಇದ್ದರೆ ಒಳ್ಳೆಯದು. ಬೆಳಕು ಬೇಕು, ನೇರ ಬಿಸಿಲು ಬೇಡ. ಮುಚ್ಚಿದ ಡಬ್ಬಿಗೆ ಬಿಸಿಲು ಬಿದ್ದರೆ ಸಸಿ ಬೆಂದೇ ಹೋಗುತ್ತೆ.

ಪ್ರಶ್ನೆ: ಬೇರಿಗೆಲ್ಲ ದಾಲ್ಚಿನ್ನಿ ಪುಡಿ ಹಚ್ಚಿ ಅಂತಾರಲ್ಲ?

ಉತ್ತರ: ಕತ್ತರಿಸಿದ ತುದಿಗೆ ಚಿಟಿಕೆ ಮುಟ್ಟಿಸಿ, ಅಷ್ಟೇ. ದಾಲ್ಚಿನ್ನಿ ಒಣಗಿಸುತ್ತೆ, ಹಾಗಾಗಿ ಜೀವವಿರುವ ಬೇರಿಗೆ ಬಿದ್ದರೆ ಅದನ್ನೂ ಬಾಡಿಸುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇರಿನ ಎಳೆಯ ತುದಿಯನ್ನು ಸುಡುತ್ತೆ.

ಪ್ರಶ್ನೆ: ಮತ್ತೆ ನೀರು, ಗೊಬ್ಬರ ಯಾವಾಗ?

ಉತ್ತರ: ದಿನ ಎಣಿಸಬೇಡಿ, ಕಪ್ ಎತ್ತಿ ನೋಡಿ. ಹಗುರಾಗಿ, ಮೇಲಿನ ಮಾಸ್ ಬಿಳಿಚಿ ಗರಿಗರಿಯಾಗಿದ್ದರೆ ಬೆಳಗ್ಗೆ ಅಂಚಿಗುಂಟ ಹಾಕಿ. ನಡುವಿನ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ತುದಿಯಿಂದ ಹೀರಿಸಿ. ಸುಳಿ ಕೊಳೆತರೆ ಇಷ್ಟು ಎಳೆ ಸಸಿ ಉಳಿಯೋದು ಕಷ್ಟ. ಎಲೆ ಬುಡದಿಂದ ಹಸಿರು ತುದಿಯ ಹೊಸ ಬೇರು ಇಣುಕಲು ಒಂದು-ಒಂದೂವರೆ ತಿಂಗಳು ಹಿಡಿಯಬಹುದು. ಅದು 2 ಸೆಂ.ಮೀ. ಬೆಳೆದ ಮೇಲೆ 20-20-20 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು), ಲೀಟರಿಗೆ ಕಾಲು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಹಳೆ ಎಲೆಯ ಸುಕ್ಕು ಪೂರ್ತಿ ಹೋಗದಿರಬಹುದು, ಅದನ್ನೇ ನೋಡುತ್ತಾ ಇನ್ನಷ್ಟು ನೀರು ಸುರಿಯಬೇಡಿ. ಹೊಸ ಎಲೆ ಬಿಗಿಯಾಗಿ ಬರುತ್ತಿದೆಯಾ ನೋಡಿ.