ಮಗುವನ್ನು ದತ್ತು ಪಡೆಯುವ ಮುನ್ನ ಏನೇನು ತಿಳಿದಿರಬೇಕು?

ಪ್ರಶ್ನೆ: ನಾವು ಹಾಸನದ ದಂಪತಿ. ನನಗೆ 44, ಪತ್ನಿಗೆ 40 ವರ್ಷ. ಎರಡು ವರ್ಷದೊಳಗಿನ ಮಗುವನ್ನು ದತ್ತು ಪಡೆಯುವ ಆಸೆಯಿದೆ. ಪರಿಚಯದ ನರ್ಸ್ ಒಬ್ಬರು ನೇರವಾಗಿ ಮಗುವನ್ನು ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ 1: ದಯವಿಟ್ಟು ಒಪ್ಪಬೇಡಿ. ಕ್ರಮಬದ್ಧವಲ್ಲದ ರೀತಿಯಲ್ಲಿ ಅನಾಥ ಮಗುವನ್ನು ಅಥವಾ ಹೆತ್ತವರು ಬಿಟ್ಟುಕೊಟ್ಟ ಮಗುವನ್ನು ಪಡೆಯುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ. ದತ್ತಕವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದ ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಿಕೊಳ್ಳಬಹುದು. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು ನೋಂದಣಿಯ ದಿನ 85 ಮೀರಿರಬಾರದು. ನಿಮ್ಮದು ಈಗ 84 ಆಗಿರುವುದರಿಂದ ಮುಂದಿನ ಹುಟ್ಟುಹಬ್ಬಗಳವರೆಗೆ ಕಾಯದೆ ಈಗಲೇ ಅರ್ಜಿ ಹಾಕಿ.

ಉತ್ತರ 2: ನಾವು ಮೂರು ವರ್ಷಕ್ಕೂ ಹೆಚ್ಚು ಕಾದೆವು. ಗೃಹ ಅಧ್ಯಯನಕ್ಕೆ, ಅಂದರೆ ದತ್ತು ಪಡೆಯುವವರ ಮನೆ-ಕುಟುಂಬದ ಸ್ಥಿತಿ ತಿಳಿಯಲು ಬಂದ ಸಮಾಜ ಕಾರ್ಯಕರ್ತೆಯ ಮುಂದೆ ಮನೆಯ ಅಂದಕ್ಕಿಂತ ನಮ್ಮ ಮನಸ್ಸಿನ ಸಿದ್ಧತೆಯೇ ಮುಖ್ಯವಾಯಿತು. ಮಗುವಿನ ವಿವರ ಬಂದಾಗ ನಿರ್ಧರಿಸಲು 48 ಗಂಟೆ ಮಾತ್ರ ಇರುತ್ತದೆ. ವೈದ್ಯಕೀಯ ವರದಿಯನ್ನು ಓದಿ ಹೇಳಬಲ್ಲ ಮಕ್ಕಳ ವೈದ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಮಗಳು ಬಂದಾಗ ಅವಳಿಗೆ ಮೂರೂವರೆ ವರ್ಷ. ಹಲವು ವಾರ ದಿಂಬಿನ ಕೆಳಗೆ ಅರ್ಧ ಬಿಸ್ಕತ್ತು ಬಚ್ಚಿಡುತ್ತಿದ್ದಳು. ಗದರಿಸದೆ, ಪಕ್ಕದಲ್ಲೇ ಒಂದು ಡಬ್ಬಿ ಇಟ್ಟೆವು. ದತ್ತಕದ ಸಂಗತಿಯನ್ನು ಅವಳಿಗೆ ನಾವೇ ಕಥೆಯಂತೆ ಹೇಳುತ್ತ ಬಂದಿದ್ದೇವೆ. ನೆಂಟರ ಬಾಯಿಂದ ಅವಳು ಅದನ್ನು ಮೊದಲು ಕೇಳಬಾರದು.

ಉತ್ತರ 3: 2022ರಿಂದ ದತ್ತಕ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ನೀಡುತ್ತಾರೆ. ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮ ವಿಚಾರಿಸಲು ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಅದನ್ನು ತಪಾಸಣೆಯೆಂದು ಅಂಜದೆ, ಕಷ್ಟಗಳನ್ನು ಮುಚ್ಚಿಡದೆ ಹೇಳಿಕೊಳ್ಳಿ.