ಹಿಂಗದ ಹಸಿವೋ, ಇಂಗದ ಹಸಿವೋ?

ಎಲ್ಲರಿಗೂ ನಮಸ್ಕಾರ. ಕೆಲವು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹದಿಹರೆಯದ ಮಕ್ಕಳಿಗೂ ಅವರ ಮನೆಯವರಿಗೂ ಕೊಡಲು ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ತಿದ್ದಿ ಬರೆಯುತ್ತಿದ್ದೇನೆ. ಓಲಾಂಜಪೈನ್, ಕ್ವೆಟಿಯಾಪೈನ್, ರಿಸ್ಪೆರಿಡೋನ್ ಥರದ ಮಾತ್ರೆ ಶುರುವಾದ ಮೇಲೆ ತೂಕ ಏರುತ್ತದಲ್ವಾ, ರಕ್ತದಲ್ಲಿ ಸಕ್ಕರೆ, ಕೊಬ್ಬು ಜಾಸ್ತಿಯಾಗುತ್ತದಲ್ವಾ, ಅದರ ಬಗ್ಗೆ. ಚಿಕ್ಕ ವಯಸ್ಸಿನವರಲ್ಲಿ ಇದು ಬೇಗ ಆಗುತ್ತದೆ, ಹೆಚ್ಚೂ ಆಗುತ್ತದೆ. 2009ರ ಒಂದು ಅಧ್ಯಯನದಲ್ಲಿ, ಇಂಥ ಮಾತ್ರೆಯನ್ನು ಮೊದಲ ಸಲ ಶುರು ಮಾಡಿದ ಮಕ್ಕಳ ತೂಕ ಸುಮಾರು 11 ವಾರದಲ್ಲಿ ಓಲಾಂಜಪೈನ್‌ನಿಂದ ಸರಾಸರಿ 8.5 ಕೆ.ಜಿ. ಏರಿತ್ತು, ಇದೇ ಗುಂಪಿನ ಅರಿಪಿಪ್ರಜೋಲ್‌ನಿಂದ 4.4 ಕೆ.ಜಿ.

ಹಳೆಯ ಅನುವಾದದಲ್ಲಿ ಒಂದು ಸಾಲು ಹೀಗಿತ್ತು: "ಹೊಟ್ಟೆಬಾಕತನ ಹೆಚ್ಚಬಹುದು." ನನ್ನ ಅಕ್ಕನ ಮಗಳಿಗೆ 16 ವರ್ಷ, ಅವಳೂ ಇಂಥದೇ ಮಾತ್ರೆಯಲ್ಲಿದ್ದಾಳೆ. ಓದಿ ಹೇಳು ಅಂತ ಅವಳ ಕೈಗೆ ಕೊಟ್ಟೆ. ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. ಆಮೇಲೆ, "ಚಿಕ್ಕಮ್ಮ, ನಾನು ಹೊಟ್ಟೆಬಾಕಿನಾ? ತಟ್ಟೆ ತೊಳೆದಿಟ್ಟು ಬರೋಷ್ಟರಲ್ಲಿ ಊಟನೇ ಮಾಡಿಲ್ಲ ಅನ್ನಿಸುತ್ತೆ" ಅಂದಳು.

ಆ ಪದವನ್ನು ಅವತ್ತೇ ಹೊಡೆದುಹಾಕಿದೆ. ಹೊಟ್ಟೆಬಾಕತನ ಅಂದರೆ ಗುಣದ ಮಾತು, ಬೈಗುಳ. ಇಲ್ಲಿ ನಡೆಯುವುದೇ ಬೇರೆ. ಮಾತ್ರೆಯು ಮೆದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್ ಅನ್ನುವ ರಾಸಾಯನಿಕಗಳು ಕೆಲಸ ಮಾಡುವ ಕೆಲವು ಕಡೆ ಅಡ್ಡ ನಿಲ್ಲುತ್ತದೆ, ಹಾಗಾಗಿ "ಹೊಟ್ಟೆ ತುಂಬಿತು, ಸಾಕು" ಅನ್ನುವ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಮಗುವಿನ ತಪ್ಪಿಲ್ಲ. ಪದವೂ ಹಾಗೇ ಇರಬೇಕು. "ಹೆಚ್ಚಿದ ಹಸಿವು" ಅಂತ ಬರೆದು ನೋಡಿದೆ, ಸಾಲಲಿಲ್ಲ. ಹಸಿವು ಹೆಚ್ಚಾದರೆ ಅಮ್ಮಂದಿರು ಖುಷಿಪಡುತ್ತಾರೆ, ಮಗು ಚೆನ್ನಾಗಿ ಉಣ್ಣುತ್ತಿದೆ ಅಂತ. ಆಮೇಲೆ ಹೊಳೆದದ್ದು "ಹಿಂಗದ ಹಸಿವು". ಉಂಡರೂ ಹೋಗದ್ದು. ಅಕ್ಕನ ಮಗಳು ಓದಿ, "ಹಾಂ, ಇದೇ" ಅಂದಳು.

ಈಗ ಪ್ರಶ್ನೆ. ಹಿಂಗದ ಅನ್ನಬೇಕೋ, ಇಂಗದ ಅನ್ನಬೇಕೋ? ನೀರು ನೆಲಕ್ಕೆ ಇಂಗುತ್ತದೆ. ಬಾಯಾರಿಕೆ ಹಿಂಗುತ್ತದೆ. ಆದರೆ "ಹಸಿವು ಇಂಗಿತು" ಅಂತಲೂ ಎಷ್ಟೋ ಕಡೆ ಓದಿದ್ದೇನೆ. ಹಿಂಗು ಅಂದರೆ ಹಿಂದೆ ಸರಿಯುವುದು, ಇಲ್ಲವಾಗುವುದು ಅಂತ ಇಟ್ಟುಕೊಂಡರೆ ಇಲ್ಲಿಗೆ ಅದೇ ಸರಿ ಅಂತ ನನ್ನ ಅನಿಸಿಕೆ. ನಿಮ್ಮ ಆಡುಮಾತಿನಲ್ಲಿ ಯಾವುದಿದೆ?

ಎರಡನೆಯದು ಚಯಾಪಚಯ. ಪಠ್ಯಪುಸ್ತಕದಲ್ಲಿ ಮೆಟಬಾಲಿಸಂಗೆ ಇದೇ ಪದ. ಚಯ ಅಂದರೆ ಕೂಡಿಸುವುದು, ಅಪಚಯ ಅಂದರೆ ಕರಗಿಸುವುದು, ಅರ್ಥವೇನೋ ಚೆನ್ನಾಗಿದೆ. ಆದರೆ ಓದಿ ಕೇಳಿಸಿದಾಗ ಒಬ್ಬ ತಾಯಿ ಅಪಚಯವನ್ನು ಅಪಚನ ಅಂದುಕೊಂಡು, ಅಜೀರ್ಣಕ್ಕೆ ಏನು ಕೊಡಬೇಕು ಅಂತ ಕೇಳಿದರು. ಹಾಗಾಗಿ ಪದವನ್ನೇ ಬಿಟ್ಟು "ತೂಕ, ಸಕ್ಕರೆ, ಕೊಬ್ಬಿನಲ್ಲಿ ಆಗುವ ಏರುಪೇರು" ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ತಿಳಿಯುತ್ತದೆ.

ದುಷ್ಪರಿಣಾಮ ಅನ್ನುವುದನ್ನೂ ತೆಗೆದೆ. ಅದನ್ನು ಓದಿದವರು ಹೆದರಿ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ, ಹಾಗೆ ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಅಡ್ಡ ಪರಿಣಾಮ ಸಾಕು.

ಕೊನೆಯದು, ನನಗೆ ಇನ್ನೂ ಬಗೆಹರಿಯದ್ದು: ಆಗಾಗ ಅಳೆದು ನೋಡುವ ಕೆಲಸಕ್ಕೆ ಒಂದು ಪದ. ಮಾತ್ರೆ ಶುರುವಾಗುವ ಮೊದಲೇ ತೂಕ, ಸೊಂಟದ ಸುತ್ತಳತೆ, ಬಿಪಿ, ರಕ್ತದ ಸಕ್ಕರೆ, ಕೊಬ್ಬು ನೋಡಿ ಬರೆದಿಡಬೇಕು. ಆಮೇಲೆ 4, 8, 12 ವಾರಕ್ಕೆ ತೂಕ, ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ, ಹೀಗೆ ಮುಂದುವರಿಯುತ್ತದೆ. ತೂಕ ಬೇಗಬೇಗ ಏರತೊಡಗಿದರೆ ಕಾಯದೆ ಡಾಕ್ಟರ ಹತ್ತಿರ ಮಾತಾಡಬೇಕು. ಸಿಹಿ ಪಾನೀಯದ ಬದಲು ನೀರು, ದಿನಾ ನಡಿಗೆ, ಬೇಕಾದರೆ ತೂಕ ಕಡಿಮೆ ಏರಿಸುವ ಬೇರೆ ಮಾತ್ರೆ, ಕೆಲವರಿಗೆ ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ, ಹೀಗೆ ದಾರಿಗಳಿವೆ. ಈ ಅಳೆಯುವ ಕೆಲಸಕ್ಕೆ ಹಳೆಯ ಅನುವಾದದಲ್ಲಿ "ಕಣ್ಗಾವಲು" ಅಂತಿತ್ತು. ಮೊದಲೇ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅಂತ ಹೆದರಿರುವ ಹುಡುಗನಿಗೆ ಆ ಪದ ಹೇಗೆ ಕೊಡೋದು? "ನಿಗಾ" ಪರವಾಗಿಲ್ಲ, ಆದರೂ ಮೇಲಿನಿಂದ ನೋಡಿದ ಹಾಗಿದೆ. ಮಗುವೂ ಜೊತೆಗೆ ಕೂತು ತನ್ನ ಅಳತೆಯನ್ನು ತಾನೇ ಬರೆದುಕೊಳ್ಳುವ ಅರ್ಥ ಬರುವಂಥ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.