ನಮ್ಮ ಕಾಕರ್‌ಗೆ ಪೂಡಲ್ ಜೊತೆ ಒಂದು ಸೂಲು ಮರಿ ಹಾಕಿಸೋಣ ಅಂತಿದ್ದೇವೆ, ತಿಳಿದವರು ಹೇಳಿ

ಚಿನ್ನಿ ಮನೆ, ಸ್ಲೌ:

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು ಇಂಗ್ಲೆಂಡಿನ ಸ್ಲೌನಲ್ಲಿದ್ದೇವೆ. ಊರು ದಾವಣಗೆರೆ. ಮನೆಯಲ್ಲಿ ಚಿನ್ನಿ ಅಂತ ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್ ಇದ್ದಾಳೆ. ಮೂರು ವರ್ಷ, 12 ಕೆ.ಜಿ., ತುಂಬಾ ಸಾಧು. ಎರಡು ಮನೆ ಆಚೆ ಒಂದು ಮಿನಿಯೇಚರ್ ಪೂಡಲ್ ಗಂಡು ಇದೆ. ಕಾಕಪೂ (ಕಾಕರ್, ಪೂಡಲ್ ಬೆರೆತದ್ದು) ಮರಿ ಬೇಕು ಅಂತ ನಮ್ಮ ಬಳಗದಲ್ಲೇ ಆರು ಮನೆಯವರು ಕೇಳಿದ್ದಾರೆ. ಕೂದಲು ಉದುರಲ್ಲ, ಅಲರ್ಜಿ ಆಗಲ್ಲ, ಎರಡು ತಳಿ ಬೆರೆತಿದ್ದರಿಂದ ಕಾಯಿಲೆಯೂ ಬರಲ್ಲ ಅಂತಾರೆ, ನಿಜವಾ? ಸೆಪ್ಟೆಂಬರ್ ಹೊತ್ತಿಗೆ ಅವಳು ಮತ್ತೆ ಹೀಟ್‌ಗೆ (ಬೆದೆಗೆ) ಬರಬಹುದು. ನಾನು ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗಬೇಕು. ಒಂದೇ ಸಲ ಮರಿ ಹಾಕಿಸಿ ನಿಲ್ಲಿಸುತ್ತೇವೆ. ಏನೇನು ನೋಡಿಕೊಳ್ಳಬೇಕು?

ಬೆಲ್ಲನ ಅಮ್ಮ, ಲೆಸ್ಟರ್:

ನಮಸ್ಕಾರ. ದಾವಣಗೆರೆ ಅಂದ ಕೂಡಲೇ ಖುಷಿಯಾಯ್ತು, ನಮ್ಮದು ಹರಿಹರ. 2022ರಲ್ಲಿ ನಮ್ಮ ಮನೆಯಲ್ಲಿ ಐದು ಕಾಕಪೂ ಮರಿ ಹುಟ್ಟಿ ಬೆಳೆದವು. ಅದಕ್ಕಿಂತ ಮೊದಲು ಒಂದು ಕಾಕಪೂ ಕಣ್ಣು ಕಳೆದುಕೊಂಡಿದ್ದನ್ನೂ ನೋಡಿದ್ದೇನೆ. ಅದನ್ನೇ ಮೊದಲು ಹೇಳ್ತೀನಿ.

ನಮ್ಮ ಮೊದಲ ನಾಯಿ ಬೆಲ್ಲ. ಮಾರಿದವರು "ಕ್ರಾಸ್ ಅಲ್ವಾ, ಪರೀಕ್ಷೆ ಎಲ್ಲ ಬೇಕಿಲ್ಲ" ಅಂದರು. ನಂಬಿದೆವು. ನಾಲ್ಕೂವರೆ ವರ್ಷಕ್ಕೆ ಅವನು ಸಂಜೆ ಹೊತ್ತು ಹಿತ್ತಲ ಮೆಟ್ಟಿಲ ಹತ್ತಿರ ನಿಂತುಬಿಡುತ್ತಿದ್ದ. ಮುಂಗಾಲು ಒಂದನ್ನು ಚಾಚಿ, ಮೆಟ್ಟಿಲು ಎಲ್ಲಿದೆ ಅಂತ ತಡಕಾಡಿ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಹಗಲಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಚೆಂಡೂ ಕಾಣದಾಯಿತು. ಕಣ್ಣಿನ ಡಾಕ್ಟರು ಹೇಳಿದ ಹೆಸರು ಪಿಆರ್‌ಸಿಡಿ-ಪಿಆರ್‌ಎ. ರೆಟಿನಾ ನಿಧಾನವಾಗಿ ಸಾಯುತ್ತಾ ಹೋಗುತ್ತದೆ. ಔಷಧಿ ಇಲ್ಲ.

ಈ ದೋಷ ಕಾಕರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಒಂದೇ ಜೀನು. ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮರಿಗೆ ಕಾಯಿಲೆ. ಒಂದೇ ಕಡೆಯಿಂದ ಬಂದರೆ ಆ ಮರಿ ಚೆನ್ನಾಗಿಯೇ ಇರುತ್ತದೆ, ಅದನ್ನು ಕ್ಯಾರಿಯರ್ ಅಂತಾರೆ. ಇಬ್ಬರು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಕುರುಡಾಗುವ ಭಯ. ಬೆರೆಸಿದ ಮಾತ್ರಕ್ಕೆ ಈ ಜೀನು ಎಲ್ಲೂ ಹೋಗುವುದಿಲ್ಲ. 2024ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 9 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ತೆಗೆದು ಕಾಕಪೂ, ಕ್ಯಾವಪೂ, ಲ್ಯಾಬ್ರಡೂಡಲ್ ಅನ್ನುವ ಮೂರು ಪೂಡಲ್ ಕ್ರಾಸ್‌ಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿದರು. ಆರೋಗ್ಯದಲ್ಲಿ ಬಹುಪಾಲು ವ್ಯತ್ಯಾಸವೇ ಸಿಗಲಿಲ್ಲ.

ಆದ್ದರಿಂದ ಮೊದಲ ಕೆಲಸ ಪರೀಕ್ಷೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಲ್ಯಾಬ್‌ಗೆ ಕಳಿಸಿದರೆ ಸಾಕು. ಇಬ್ಬರಿಗೂ ಪಿಆರ್‌ಎ ಪರೀಕ್ಷೆ. ಚಿನ್ನಿಗೆ ಎಫ್‌ಎನ್ ಅನ್ನುವ ಕಿಡ್ನಿ ಕಾಯಿಲೆಯದೂ ಬೇಕು, ಅದು ಬಂದ ಕಾಕರ್ ಸಣ್ಣ ವಯಸ್ಸಲ್ಲೇ ಹೋಗಿಬಿಡುತ್ತದೆ. ಪೂಡಲ್‌ಗೆ ಮಂಡಿಚಿಪ್ಪು ಜಾರುತ್ತದಾ ಅಂತ ವೆಟ್ ಕೈಯಲ್ಲಿ ನೋಡಿಸಿ. ಇಬ್ಬರಿಗೂ ಸೊಂಟದ ಎಕ್ಸ್‌ರೇ, ಬಿವಿಎ (ಬ್ರಿಟಿಷ್ ಪಶುವೈದ್ಯರ ಸಂಘ) ತಜ್ಞರಿಂದ ಕಣ್ಣಿನ ತಪಾಸಣೆ. ಆ ಪೂಡಲ್ ಪಟಾಕಿಗೆ, ಅಪರಿಚಿತರಿಗೆ ಹೆದರುತ್ತದಾ ಅಂತಲೂ ನೋಡಿ. ಅಪ್ಪ ಪುಕ್ಕಲಾದರೆ ಮರಿಗಳಿಗೂ ಆ ಗುಣ ಬರಬಹುದು.

ಇನ್ನು ಬಾಣಂತನ. ಸುಮಾರು 63 ದಿನಕ್ಕೆ ಮರಿ. ನಾನು 58ನೇ ದಿನದಿಂದ ತಾಯಿ ನಾಯಿಗೆ ಬೆಳಗ್ಗೆ, ಸಂಜೆ ಜ್ವರಮಾಪಕ ಇಟ್ಟು ಬರೆದುಕೊಳ್ಳುತ್ತಿದ್ದೆ. ಒಂದು ಸಂಜೆ 37.9 ಡಿಗ್ರಿ ಇದ್ದದ್ದು 36.8ಕ್ಕೆ ಇಳಿಯಿತು. ಹಾಗೆ ಇಳಿದರೆ ಒಂದು ದಿನದೊಳಗೆ ಹೆರಿಗೆ. ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಮರಿ. ನಾಲ್ಕನೆಯದು ಉಸಿರಾಡಲಿಲ್ಲ. ಬಾಯಿ, ಮೂಗು ಒರೆಸಿ, ಒರಟು ಟವೆಲ್‌ನಲ್ಲಿ ಬೆನ್ನು ತಿಕ್ಕುತ್ತಾ ಕೂತೆ. ನೀಲಿ ಇದ್ದ ನಾಲಿಗೆ ಕೆಂಪಗಾಗಿ ಕುಂಯ್ ಅಂದಾಗ ನನಗೆ ಅಳು ಬಂತು. 176 ಗ್ರಾಂ ಇತ್ತು ಅದು. ಎಲ್ಲ ಮರಿಗಳ ಕೊರಳಿಗೂ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಕಟ್ಟಿ ದಿನಾ ತೂಗುತ್ತಿದ್ದೆ. ಹಸಿರು ದಾರದ ಈ ಸಣ್ಣದು ಮೂರನೇ ದಿನ ಒಂದು ಗ್ರಾಮೂ ಏರಲಿಲ್ಲ. ಎರಡು ಗಂಟೆಗೊಮ್ಮೆ ಮರಿಗಳಿಗೆಂದೇ ಸಿಗುವ ಹಾಲು ಕುಡಿಸಬೇಕಾಯಿತು, ರಾತ್ರಿಯೂ. ಆಫೀಸಿಗೆ ಹೋಗುತ್ತಾ ಇದನ್ನು ಮಾಡಲು ಆಗುವುದಿಲ್ಲ ತಂಗಿ. ಮೊದಲ ಮೂರು ವಾರ ರಜೆ ಸಿಗುತ್ತದಾ ಅಂತ ಈಗಲೇ ಕೇಳಿ.

ಮೂರು ವಾರದಿಂದ ಹನ್ನೆರಡು ವಾರದ ತನಕ ಮರಿ ನೋಡಿದ್ದು, ಕೇಳಿದ್ದು ಅದರ ಜೀವನ ಪೂರ್ತಿ ಉಳಿಯುತ್ತದೆ. ನಾನು ಅವುಗಳ ಬೇಲಿಯನ್ನು ಅಡುಗೆಮನೆ ಪಕ್ಕದಲ್ಲೇ ಇಟ್ಟಿದ್ದೆ. ಕುಕ್ಕರ್ ವಿಷಲ್, ಮಿಕ್ಸಿ, ಒಗ್ಗರಣೆ ಚಟಪಟ ಎಲ್ಲ ಕೇಳುತ್ತಾ ನಿದ್ದೆ ಮಾಡುವುದು ಕಲಿತವು. ದಿನಾ ಒಂದೊಂದನ್ನೂ ಮಡಿಲಲ್ಲಿ ಕೂರಿಸಿ ಬಾಚಣಿಗೆ ಆಡಿಸುತ್ತಿದ್ದೆ, ಹತ್ತಿರದಲ್ಲೇ ಟ್ರಿಮ್ಮರ್ ಸುಮ್ನೆ ಓಡುತ್ತಿತ್ತು. ಯಾಕೆ ಅಂದರೆ ಕೂದಲು ಉದುರದಿದ್ದರೆ ಅದು ಅಲ್ಲೇ ಸಿಕ್ಕುಗಟ್ಟುತ್ತದೆ. ಕಿವಿ ಹಿಂದೆ, ಕಂಕುಳಲ್ಲಿ ಜಾಸ್ತಿ. ಮೇಲೆ ಮೇಲೆ ಬಾಚಿದರೆ ಒಳಗಿನ ಗಂಟು ಗೊತ್ತೇ ಆಗಲ್ಲ, ಬುಡದ ತನಕ ಸ್ಟೀಲ್ ಬಾಚಣಿಗೆ ಹೋಗಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗ್ರೂಮರ್ ಹತ್ತಿರ ಹೋಗಲೇಬೇಕು. ಈ ಖರ್ಚನ್ನು ಮರಿ ಕೇಳಿದವರಿಗೆ ಮೊದಲೇ ಹೇಳಿ.

ಆ ಆರು ಮನೆಯವರನ್ನು ಇನ್ನೂ ಎರಡು ಕೇಳಿ. ಊರಿಗೆ ಐದಾರು ವಾರ ಹೋದಾಗ ನಾಯಿ ಎಲ್ಲಿರುತ್ತದೆ? ವೀಸಾ ಮುಗಿದು ವಾಪಸ್ ಹೋಗಬೇಕಾದರೆ? ನನ್ನ ಹತ್ತಿರ ಮರಿ ಕೇಳಿದ ಇಬ್ಬರು ಇದಕ್ಕೆ ಉತ್ತರ ಕೊಡಲಿಲ್ಲ, ನಾನೂ ಅವರಿಗೆ ಮರಿ ಕೊಡಲಿಲ್ಲ. ತೆಗೆದುಕೊಂಡವರ ಹತ್ತಿರ ಬರೆಸಿಕೊಂಡಿದ್ದೇನೆ, ಯಾವ ವಯಸ್ಸಲ್ಲಾದರೂ ಸಾಕಲು ಆಗದಿದ್ದರೆ ಮರಿ ನನ್ನ ಮನೆಗೇ ಬರಬೇಕು. ಕಳೆದ ವರ್ಷ ಒಂದು ಬಂದಿತು. ಇಲ್ಲೇ ಇದೆ, ಈಗ ನನ್ನ ಕಾಲ ಮೇಲೆ ತಲೆ ಇಟ್ಟುಕೊಂಡಿದೆ.

ಕಾನೂನು ಹೆಚ್ಚೇನಿಲ್ಲ. ಇಂಗ್ಲೆಂಡಿನಲ್ಲಿ 12 ತಿಂಗಳಲ್ಲಿ ಮೂರು ಸೂಲು ಅಥವಾ ವ್ಯಾಪಾರಕ್ಕೆ ಅಂತಾದರೆ ಲೈಸೆನ್ಸ್ ಬೇಕು. ನಿಮ್ಮ ಕೌನ್ಸಿಲ್‌ಗೆ ಒಂದು ಫೋನ್ ಮಾಡಿ. ಎಂಟು ವಾರದೊಳಗೆ ನಿಮ್ಮ ಹೆಸರಲ್ಲಿ ಮೈಕ್ರೋಚಿಪ್ ಆಗಿರಬೇಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ.

ಮಿಲ್ಟನ್ ಕೀನ್ಸ್ ಅಪ್ಪ:

ಅಕ್ಕ ಹೇಳಿದ್ದಕ್ಕೆ ಅಲರ್ಜಿ ವಿಷಯ ಸೇರಿಸುತ್ತೇನೆ. ನನ್ನ ಮಗಳಿಗೆ ಆಸ್ತಮಾ ಇದೆ. ಅಲರ್ಜಿ ತರುವ ಅಂಶ ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. 2012ರಲ್ಲಿ ನೆದರ್ಲೆಂಡ್ಸ್‌ನವರು ಪರೀಕ್ಷಿಸಿದಾಗ ಲ್ಯಾಬ್ರಡೂಡಲ್, ಪೂಡಲ್ ಕೂದಲಲ್ಲೂ ಅದು ಬೇರೆ ನಾಯಿಗಳಿಗಿಂತ ಕಡಿಮೆ ಇರಲಿಲ್ಲ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ವಾಲಿ ಕಾನ್ರನ್ ಲ್ಯಾಬ್ರಡೂಡಲ್ ಮಾಡಿದ್ದೇ ಗಂಡನಿಗೆ ಅಲರ್ಜಿ ಇದ್ದ ಒಬ್ಬ ದೃಷ್ಟಿಹೀನ ಹೆಣ್ಣುಮಗಳಿಗೆ ಮಾರ್ಗದರ್ಶಿ ನಾಯಿ ಕೊಡಲು. ಮರಿಗಳ ಕೂದಲು, ಜೊಲ್ಲನ್ನು ಮೊದಲು ಆ ಗಂಡನಿಗೇ ಕಳಿಸಿ ಪರೀಕ್ಷಿಸಿದರು. ನಿಮ್ಮ ಆರು ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಮೂರು ನಾಲ್ಕು ಸಲ ಬಂದು ಮರಿಗಳ ಜೊತೆ ಎರಡು ಗಂಟೆ ಕೂರಲಿ. ನಾವು ಹಾಗೆ ಮಾಡಿದ್ದರಿಂದಲೇ ಒಂದು ಮರಿಯನ್ನು ಬೇಡ ಅಂದು ಬಂದೆವು. ಮಗಳು ತುಂಬಾ ಅತ್ತಳು. ಆದರೆ ಮನೆಗೆ ತಂದು ಆರು ತಿಂಗಳ ಮೇಲೆ ವಾಪಸ್ ಕೊಡುವುದು ಆ ಮರಿಗೂ ಕಷ್ಟ ಅಲ್ವಾ?

ಇನ್ನೊಂದು. ಪಾಯಸದ ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಹೋಗಬಹುದು. ಈರುಳ್ಳಿಯೂ ಬೇಡ. ಹಬ್ಬದ ದಿನ ಬಂದವರಿಗೆಲ್ಲ ಹೇಳಿಡಿ.

ಚಿನ್ನಿ ಮನೆ, ಸ್ಲೌ:

ಅಕ್ಕ, ಅಣ್ಣ, ಇಬ್ಬರಿಗೂ ವಂದನೆ. ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಚಿನ್ನಿಯ ಫಲಿತಾಂಶ ಬಂತು. ಎಫ್‌ಎನ್ ಇಲ್ಲ, ಪಿಆರ್‌ಎ ಮಾತ್ರ ಕ್ಯಾರಿಯರ್. ಎರಡು ಸಲ ಓದಿದೆ, ಕೈ ನಡುಗಿತು. ಪೂಡಲ್ ಮನೆಯವರು ಪರೀಕ್ಷೆಗೆ ಒಪ್ಪಿ ಮೊನ್ನೆ ಕಡ್ಡಿ ಕಳಿಸಿದ್ದಾರೆ. ಅದು ಕ್ಲಿಯರ್ (ದೋಷದ ಜೀನು ಇಲ್ಲ) ಅಂತ ಬರದಿದ್ದರೆ ಈ ಜೋಡಿ ಬೇಡ ಅಂತ ಯಜಮಾನರೂ ಹೇಳಿದ್ದಾರೆ. ವೀಸಾ ಪ್ರಶ್ನೆ ಕೇಳಿದ ಮೇಲೆ ಆರರಲ್ಲಿ ಮೂರು ಮನೆ ಉಳಿದವು. ರಜೆಯೂ ಸಿಕ್ಕಿಲ್ಲ. ಸೆಪ್ಟೆಂಬರ್ ಬಿಟ್ಟು ಮುಂದಿನ ಹೀಟ್‌ಗೆ ನೋಡುತ್ತೇವೆ.

ಬೆಲ್ಲನ ಅಮ್ಮ, ಲೆಸ್ಟರ್:

ಒಳ್ಳೆಯದಾಯಿತು ತಂಗಿ. ಕ್ಯಾರಿಯರ್ ಅಂದರೆ ಚಿನ್ನಿಗೆ ಆ ಕಾಯಿಲೆ ಬರಲ್ಲ, ಅವಳ ಬಗ್ಗೆ ಚಿಂತೆ ಬೇಡ. ಸೆಪ್ಟೆಂಬರಲ್ಲಿ ಹೀಟ್ ಶುರುವಾದಾಗಿಂದ ಮೂರು ವಾರ ಅವಳನ್ನು ಹಿತ್ತಲಿಗೆ ಒಂಟಿಯಾಗಿ ಬಿಡಬೇಡಿ. ಎರಡೇ ಮನೆ ಆಚೆ ಗಂಡು ಇದೆ. ಬೇಲಿಯ ಬುಡದಲ್ಲಿ ಸಂದು ಇದ್ದರೆ ಈ ವಾರವೇ ಮುಚ್ಚಿಸಿ.